ಯಾವ ಊರು, ಯಾರ ಮನೆ

ಅಡಿಕೆ ಕೊಯ್ಲು ಮುಗಿಯುತ್ತ ಬಂದಿರುತ್ತದೆ. ಕಾಫಿ ಹಣ್ಣಿನ ಕೆಲಸ ಜೋರಾಗಿರುತ್ತದೆ. ಕಾಡಿನಲ್ಲಿ ಎಲೆ ಉದುರಿ ನೆಲವೇ ಕಾಣದಷ್ಟು ದರಗು ಬಿದ್ದಿರುತ್ತದೆ. ಜನವರಿ, ಫೆಬ್ರುವರಿಯ ಈ ದಿನಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಆಸ್ಪತ್ರೆಗಳಿಗೆ ಬರುವ ಜ್ವರದವರನ್ನು ಬೇರೆ ಊರಿನ ಜ್ವರದವರಂತೆ ನೋಡಿ ಕಳಿಸುವಂತಿಲ್ಲ.

ಅಂಥ ಒಬ್ಬ ರೋಗಿಯನ್ನು ಮುಂದಿಟ್ಟುಕೊಂಡು ಮಾತಾಡೋಣ. ಈಕೆ ನಿಜದ ಒಬ್ಬ ವ್ಯಕ್ತಿಯಲ್ಲ, ಅನೇಕರಲ್ಲಿ ಕಂಡ ಲಕ್ಷಣಗಳನ್ನು ಒಟ್ಟುಗೂಡಿಸಿದ ಚಿತ್ರ. ನಲವತ್ತು ದಾಟಿದ, ತೋಟದ ಕೆಲಸಕ್ಕೆ ಹೋಗುವ ಹೆಂಗಸು. ಮೂರು ದಿನದ ಹಿಂದೆ ಮಧ್ಯಾಹ್ನ ಊಟಕ್ಕೆ ಕೂತಾಗ ಚಳಿ ಹತ್ತಿತು ಎನ್ನುತ್ತಾಳೆ. ಜ್ವರ ಶುರುವಾದ ಹೊತ್ತನ್ನು ಇಷ್ಟು ಖಚಿತವಾಗಿ ಹೇಳುವವರು ಕಡಿಮೆ, ಇಲ್ಲಿ ಮಾತ್ರ ಹಾಗೆ ಹೇಳುವವರು ಸಿಗುತ್ತಾರೆ. ಹಣೆ ಸಿಡಿಯುತ್ತಿದೆ. ಸೊಂಟ, ಮೀನಖಂಡ ಮುಟ್ಟಿಸಿಕೊಳ್ಳಲಾರಳು. ಎರಡು ಸಲ ವಾಂತಿಯಾಗಿದೆ. ಕಣ್ಣು ಕೆಂಪಾಗಿದೆ, ಆದರೆ ಪಿಚ್ಚಿಲ್ಲ. ಜ್ವರ 103 ಡಿಗ್ರಿ. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ಇಳಿದಿದೆ, ಪ್ಲೇಟ್‌ಲೆಟ್ ಎಪ್ಪತ್ತು ಸಾವಿರಕ್ಕೆ ಬಂದಿದೆ, ಯಕೃತ್ತಿನ ಕಿಣ್ವಗಳು ಏರಿವೆ.

ಈ ಚೀಟಿಯನ್ನು ಬೆಂಗಳೂರಿನ ಯಾವ ವೈದ್ಯರ ಮುಂದಿಟ್ಟರೂ ಮೊದಲು ಬಾಯಿಗೆ ಬರುವ ಹೆಸರು ಡೆಂಗಿ. ಅದರಲ್ಲಿ ತಪ್ಪಿಲ್ಲ, ಆ ಊರಿಗೆ ಅದೇ ಸರಿ. ಬಾಳೆಹೊನ್ನೂರಿನ ಕಡೆಯ ಕಾಡಂಚಿನ ಮನೆಯಿಂದ, ಮಳೆ ನಿಂತು ಮೂರು ತಿಂಗಳ ಮೇಲೆ, ಇದೇ ಅಂಕಿಗಳು ಬಂದರೆ ಅರ್ಥ ಬದಲಾಗುತ್ತದೆ. ಇಲ್ಲಿ ಮೊದಲು ನೆನಪಾಗಬೇಕಾದದ್ದು ಮಂಗನ ಕಾಯಿಲೆ, ವೈದ್ಯಕೀಯ ಪುಸ್ತಕಗಳು ಕ್ಯಾಸನೂರು ಅರಣ್ಯ ಕಾಯಿಲೆ ಎಂದು ಕರೆಯುವ ರೋಗ. ಇಡೀ ದೇಶದಲ್ಲಿ ವರ್ಷಕ್ಕೆ ಕೆಲವು ನೂರು ಜನರಿಗೆ ಬರುವ ರೋಗ ಅದು. ದೇಶದ ಲೆಕ್ಕದಲ್ಲಿ ಅದು ಇಲ್ಲದಂತೆಯೇ. ಈ ಮೂರು ತಾಲೂಕಿನ ಲೆಕ್ಕದಲ್ಲಿ, ಈ ಎರಡು ಮೂರು ತಿಂಗಳ ಮಟ್ಟಿಗೆ, ಅದನ್ನು ಪಟ್ಟಿಯ ತಳದಲ್ಲಿಡುವ ವೈದ್ಯರು ರೋಗಿಯನ್ನು ಕಳೆದುಕೊಳ್ಳಬಹುದು. ವಿರಳ ರೋಗವನ್ನು ಹಿಡಿಯುವ ವಿದ್ಯೆಯ ಬಹುಪಾಲು ದುಬಾರಿ ಯಂತ್ರದಲ್ಲಿಲ್ಲ. ರೋಗಿ ಎಲ್ಲಿಂದ ಬಂದರು, ಯಾವ ತಿಂಗಳಲ್ಲಿ, ಏನು ಕೆಲಸ ಮಾಡುತ್ತಾರೆ ಎಂದು ಕೇಳಿ, ಆ ಉತ್ತರಕ್ಕೆ ತಕ್ಕ ಹಾಗೆ ಅನುಮಾನದ ಪಟ್ಟಿಯನ್ನು ಮೇಲೆ ಕೆಳಗೆ ಮಾಡುವುದರಲ್ಲಿದೆ ಎಂಬುದು ನನ್ನ ನಂಬಿಕೆ. ಈ ಅಧ್ಯಾಯದಲ್ಲಿ ಹೇಳಲು ಹೊರಟಿರುವುದೂ ಅದನ್ನೇ.

ಪಟ್ಟಿಯಲ್ಲಿ ಬೇರೆ ಹೆಸರುಗಳೂ ಇವೆ. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವ ಮಳೆಗಾಲದಲ್ಲಿ ಇಲಿಜ್ವರ ಹೆಚ್ಚು, ಅದು ಕಣ್ಣನ್ನು ಹಳದಿ ಮಾಡಿ ಮೂತ್ರಪಿಂಡಕ್ಕೆ ಕೈ ಹಾಕುತ್ತದೆ. ಪೊದೆಯ ಚಿಗಟೆಯಂಥ ಸಣ್ಣ ಹುಳುವಿನಿಂದ ಬರುವ ಸ್ಕ್ರಬ್ ಟೈಫಸ್‌ನಲ್ಲಿ ಕಂಕುಳಲ್ಲೋ ತೊಡೆಸಂದಿಯಲ್ಲೋ ನೋವಿಲ್ಲದ ಒಂದು ಕಪ್ಪು ಹಕ್ಕಳೆ ಇರುತ್ತದೆ. ಬಟ್ಟೆ ಸರಿಸಿ ಹುಡುಕದಿದ್ದರೆ ಅದು ಕಾಣುವುದೇ ಇಲ್ಲ. ಟೈಫಾಯ್ಡ್ ಮೆಲ್ಲನೆ ಮೆಟ್ಟಿಲು ಹತ್ತುತ್ತ ಬರುತ್ತದೆ. ನಮ್ಮ ರೋಗಿಗೆ ಬಂದದ್ದು ಹಾಗಲ್ಲ, ಊಟದ ಹೊತ್ತಿಗೆ ಬಡಿದಂತೆ ಬಂದಿದೆ.

ಮುಂದೆ ವೈದ್ಯರ ಕೈ, ಕಣ್ಣಿನ ಕೆಲಸ. ಜ್ವರ ಏರಿದಂತೆ ನಾಡಿಯೂ ಓಡಬೇಕು. 103 ಡಿಗ್ರಿಯಲ್ಲಿ ನೂರಹತ್ತು ನೂರಿಪ್ಪತ್ತು ಇರಬೇಕಾದ ನಾಡಿ ಎಂಬತ್ತರಲ್ಲಿ ನಿಂತಿದ್ದರೆ ಅದು ಗಮನಿಸಬೇಕಾದ ಸುದ್ದಿ. ಮಂಗನ ಕಾಯಿಲೆಯಲ್ಲಿ ನಾಡಿ ನಿಧಾನವಾಗುವುದು, ರಕ್ತದೊತ್ತಡ ಇಳಿಯುವುದು ಮೊದಲಿನಿಂದಲೂ ವೈದ್ಯರು ಬರೆದಿಟ್ಟಿರುವ ಲಕ್ಷಣ. ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಅಂಗುಳಿನ ಹಿಂಭಾಗದಲ್ಲಿ ಸಣ್ಣ ಗುಳ್ಳೆಗಳು ಕಾಣಬಹುದು. ವಸಡಿನಲ್ಲಿ ರಕ್ತ ಜಿನುಗಿದೆಯೇ, ಮಲ ಕಪ್ಪಾಗಿದೆಯೇ ಎಂದು ಕೇಳಬೇಕು. ಒಬ್ಬೊಬ್ಬ ರೋಗಿಗೆ ಹತ್ತು ನಿಮಿಷ ಹಿಡಿಯುವ ಕೆಲಸ ಇದು. ಹೊರಗೆ ಅರವತ್ತು ಜನ ಸಾಲು ನಿಂತಿರುವ ತಾಲೂಕು ಆಸ್ಪತ್ರೆಯಲ್ಲಿ ಆ ಹತ್ತು ನಿಮಿಷ ತೆಗೆಯುವುದು ಎಷ್ಟು ಕಷ್ಟ ಎಂಬುದು ಅಲ್ಲಿ ಕೂತವರಿಗೇ ಗೊತ್ತು. ಅಂಥ ವೈದ್ಯರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಕೊನೆಗೆ ಕೇಳಬೇಕಾದ ಮಾತು: ‘ನಿಮ್ಮ ಕಡೆ ಮಂಗ ಸತ್ತಿದೆಯಾ?’

ಈ ಪ್ರಶ್ನೆ ವಿಜ್ಞಾನಿಗಳು ಹುಡುಕಿದ್ದಲ್ಲ, ಮಲೆನಾಡಿನ ಜನರೇ ಕೊಟ್ಟದ್ದು. 1957ರ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ ಮತ್ತು ಕೆಂಪು ಮಂಗಗಳು ಸಾಯುತ್ತಿದ್ದವು. ಅದೇ ಕಾಡಿಗೆ ಹೋಗಿಬಂದವರು ಜ್ವರ ಬಂದು ಮಲಗುತ್ತಿದ್ದರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿದಾಗ ಅಲ್ಲಿನವರು ಬೆಚ್ಚಿದ್ದು ಬೇರೆ ಕಾರಣಕ್ಕೆ. ಮೊದಲು ಮಂಗ, ಆಮೇಲೆ ಮನುಷ್ಯ ಎಂಬ ಕ್ರಮ ದಕ್ಷಿಣ ಅಮೆರಿಕದ ಹಳದಿ ಜ್ವರದ್ದು. ಅದುವರೆಗೆ ಏಷ್ಯಾಕ್ಕೆ ಕಾಲಿಡದ ಆ ರೋಗ ಮಲೆನಾಡಿಗೆ ಬಂತೇ ಎಂಬ ಭಯ ಹುಟ್ಟಿತು. ಆ ಕೇಂದ್ರದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸತ್ತ ಮಂಗಗಳಿಂದ, ರೋಗಿಗಳ ರಕ್ತದಿಂದ ವೈರಸ್ ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರದ್ದಲ್ಲ. ಅದರ ಹತ್ತಿರದ ನೆಂಟರು ರಷ್ಯಾದ ಹಿಮಕಾಡುಗಳಲ್ಲಿ ಉಣುಗು ಕಚ್ಚಿ ಮಿದುಳು ಜ್ವರ ತರುವ ವೈರಸ್‌ಗಳು. ಜಗತ್ತಿಗೆ ಹೊಸದೊಂದು ರೋಗ ಮಲೆನಾಡಿನ ಒಂದು ಕಾಡಿನ ಹೆಸರು ಹೊತ್ತು ದಾಖಲಾಯಿತು. ಬಹಳ ಕಾಲದ ಮೇಲೆ, 1995ರಲ್ಲಿ, ಇದಕ್ಕೆ ಇನ್ನೂ ಹತ್ತಿರದ ಒಂದು ವೈರಸ್ ಸಿಕ್ಕಿದ್ದು ಸೌದಿ ಅರೇಬಿಯಾದಲ್ಲಿ. ಮರಳುಗಾಡಿನಲ್ಲೂ ಮಳೆಕಾಡಿನಲ್ಲೂ ಒಂದೇ ವಂಶದ ವೈರಸ್ ಹೇಗೆ ನೆಲೆಸಿತು ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಮಂಗನಿಂದ ಮನುಷ್ಯರಿಗೆ ಇದು ಸಾಮಾನ್ಯವಾಗಿ ನೇರವಾಗಿ ಹತ್ತುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡುವುದೂ ಇಲ್ಲ. ರೋಗಿಯ ಆರೈಕೆ ಮಾಡುವ ಮನೆಯವರು ಹೆದರಬೇಕಾಗಿಲ್ಲ. ಸೋಂಕು ತರುವುದು ಉಣುಗು, ಅದರಲ್ಲೂ ಹಿಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಮರಿ ಉಣುಗು. ಸಾಸಿವೆ ಕಾಳಿಗಿಂತ ಸಣ್ಣದಾದ್ದರಿಂದ ಕಚ್ಚಿದ್ದು ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ದರಗಿನಲ್ಲಿ ಸೇರಿಕೊಳ್ಳುತ್ತವೆ. ಮರಿ ಉಣುಗುಗಳ ಹಂಗಾಮು ಡಿಸೆಂಬರಿನಿಂದ ಮೇವರೆಗೆ. ತೋಟದವರು ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ ಹಾಕಲು ದರಗು ಗುಡಿಸಿ ತರುವುದೂ ಇದೇ ದಿನಗಳಲ್ಲಿ. ಹೊರೆ ತಲೆಯ ಮೇಲೆ, ಉಣುಗು ಕುತ್ತಿಗೆಯ ಹತ್ತಿರ. ದನಗಳಿಗೆ ಈ ರೋಗ ಬಾರದು, ಆದರೆ ದೊಡ್ಡ ಉಣುಗು ರಕ್ತ ಕುಡಿದು ಮೊಟ್ಟೆಗೆ ಸಿದ್ಧವಾಗುವುದು ದನದ ಮೈಮೇಲೆ. ಕಾಡು ಕಡಿದು ಅಲ್ಲಿ ದನ ಮೇಯಿಸಿದಾಗ ಉಣುಗಿನ ಸಂಖ್ಯೆ ಊರಂಚಿಗೆ ಏರುತ್ತ ಬಂದ ಬಗೆಯನ್ನು ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್ 1960ರ ದಶಕದಲ್ಲೇ ವಿವರಿಸಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಘಟ್ಟದ ಕೆಳಗೆ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಪಿಗೆಂದು ಕಾಡು ಬೋಳಿಸಿದ ಮೇಲೆ ರೋಗ ಸ್ಫೋಟಗೊಂಡು ನೂರಕ್ಕೂ ಹೆಚ್ಚು ಜನ ಸತ್ತರು.

ಈಗ ಮತ್ತೆ ಆಸ್ಪತ್ರೆಗೆ ಬರೋಣ. ಅನುಮಾನ ಬಂತು, ಖಚಿತ ಮಾಡುವುದು ಹೇಗೆ? ಹಿಂದೆ ರೋಗಿಯ ರಕ್ತವನ್ನು ಹಾಲುಕುಡಿಯುವ ಇಲಿಮರಿಗಳಿಗೆ ಚುಚ್ಚಿ ಅವು ಕಾಯಿಲೆ ಬೀಳುವವರೆಗೆ ಕಾಯಬೇಕಿತ್ತು. ಫಲಿತಾಂಶ ಬರುವ ಹೊತ್ತಿಗೆ ರೋಗಿ ಗುಣವಾಗಿರುತ್ತಿದ್ದರು, ಇಲ್ಲವೇ ಇರುತ್ತಿರಲಿಲ್ಲ. ಆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿಯಲ್ಲೇ ಅನೇಕರಿಗೆ ಸೋಂಕು ತಗುಲಿದ್ದುಂಟು. 2012ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಪಿಸಿಆರ್ ಮತ್ತು ಐಜಿಎಂ ಎಲಿಸಾ ಪರೀಕ್ಷೆಗಳನ್ನು ರೂಪಿಸಿ ಪ್ರಕಟಿಸಿದ ಮೇಲೆ ಚಿತ್ರ ಬದಲಾಯಿತು. ಈಗ ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯದಲ್ಲೇ ಉತ್ತರ ಸಿಗುತ್ತದೆ.

ಆದರೆ ಪರೀಕ್ಷೆಯ ಕಾಗದ ಓದುವುದಕ್ಕೂ ವಿದ್ಯೆ ಬೇಕು. ಪಿಸಿಆರ್ ಹುಡುಕುವುದು ವೈರಸ್ಸನ್ನೇ. ಜ್ವರದ ಮೊದಲ ವಾರದಲ್ಲಿ ಅದು ರಕ್ತದಲ್ಲಿ ಧಾರಾಳವಾಗಿ ಇರುತ್ತದೆ, ಆಮೇಲೆ ಕರಗುತ್ತ ಹೋಗುತ್ತದೆ. ಐಜಿಎಂ ಹುಡುಕುವುದು ದೇಹ ತಯಾರಿಸಿದ ಪ್ರತಿಕಾಯವನ್ನು, ಅದು ಏಳಲು ನಾಲ್ಕೈದು ದಿನ ಬೇಕು. ಎರಡನೇ ದಿನ ಐಜಿಎಂ ಮಾತ್ರ ಮಾಡಿಸಿ ‘ನೆಗೆಟಿವ್’ ಎಂದು ಮನೆಗೆ ಕಳಿಸಿದರೂ, ಹನ್ನೆರಡನೇ ದಿನ ಪಿಸಿಆರ್ ಮಾತ್ರ ಮಾಡಿಸಿ ಕಳಿಸಿದರೂ ರೋಗ ಕೈ ತಪ್ಪಬಹುದು. ಜ್ವರ ಎಷ್ಟನೇ ದಿನದ್ದು ಎಂದು ಮಾದರಿಯ ಚೀಟಿಯಲ್ಲಿ ಬರೆಯುವುದು ಪರೀಕ್ಷೆಯಷ್ಟೇ ಮುಖ್ಯವಾದ ಕೆಲಸ.

ಉತ್ತರ ಬರುವವರೆಗೆ ವೈದ್ಯರು ಕೈ ಕಟ್ಟಿ ಕೂರುವುದಿಲ್ಲ. ಸ್ಕ್ರಬ್ ಟೈಫಸ್‌ಗೂ ಇಲಿಜ್ವರಕ್ಕೂ ಕೆಲಸ ಮಾಡುವ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಿದೆ. ಮಂಗನ ಕಾಯಿಲೆಗೆ ಅದರಿಂದ ಏನೂ ಆಗದು. ಆದರೂ ಅನುಮಾನಕ್ಕೆ ಎಡೆಯಿದ್ದರೆ ಅದನ್ನು ಶುರುಮಾಡುತ್ತಾರೆ. ಮದ್ದಿಲ್ಲದ ರೋಗವನ್ನು ಹುಡುಕುವ ಭರದಲ್ಲಿ ಮದ್ದಿರುವ ರೋಗದಿಂದ ಒಬ್ಬರು ಸಾಯುವಂತಾಗಬಾರದು. ಆಂತರಿಕ ವೈದ್ಯಶಾಸ್ತ್ರದ ತರ್ಕದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು.

ಮಂಗನ ಕಾಯಿಲೆಯ ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ. ಹಾಗೆಂದು ಚಿಕಿತ್ಸೆ ಇಲ್ಲ ಎಂದುಕೊಳ್ಳಬಾರದು. ನೂರಕ್ಕೆ ಮೂರರಿಂದ ಐದು ಜನ ಸಾಯುವ ರೋಗ ಎಂದರೆ ತೊಂಬತ್ತೈದು ಜನ ಬದುಕುವ ರೋಗವೂ ಹೌದು, ಉಳಿದ ಆ ಕೆಲವರ ಹಣೆಬರಹವನ್ನು ಆರೈಕೆ ಬದಲಿಸಬಲ್ಲದು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮುಟ್ಟಕೂಡದು, ರಕ್ತಸ್ರಾವಕ್ಕೆ ಅವು ದಾರಿ ಮಾಡುತ್ತವೆ. ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ನೂ ಬೇಡ. ‘ಒಂದು ಸೂಜಿ ಹಾಕಿ ಡಾಕ್ಟ್ರೇ, ನಾಳೆ ಕೆಲಸಕ್ಕೆ ಹೋಗಬೇಕು’ ಎಂದು ಬೇಡುವವರು ಎಲ್ಲ ಊರಲ್ಲೂ ಇದ್ದಾರೆ. ಪ್ಲೇಟ್‌ಲೆಟ್ ಇಳಿದಿರುವಾಗ ಆ ಒಂದು ಸೂಜಿ ಸ್ನಾಯುವಿನೊಳಗೆ ರಕ್ತ ಕಟ್ಟಿಸಿ ಬಿಡಬಹುದು. ದ್ರವವನ್ನು ರಕ್ತದೊತ್ತಡ ನೋಡಿಕೊಂಡು, ಶ್ವಾಸಕೋಶದಲ್ಲಿ ನೀರು ತುಂಬದಂತೆ ಅಳೆದು ಕೊಡಬೇಕು. ರಕ್ತ ಸೋರುತ್ತಿದ್ದರೆ ರಕ್ತವನ್ನೂ ಪ್ಲೇಟ್‌ಲೆಟ್ಟನ್ನೂ ಕೊಡಬೇಕು. ಇವೆಲ್ಲ ದೊಡ್ಡ ಆಸ್ಪತ್ರೆಯ ಕೆಲಸ. ಕೊಪ್ಪ, ಶೃಂಗೇರಿಯವರಿಗೆ ಅದು ಒಂದೋ ಶಿವಮೊಗ್ಗ, ಇಲ್ಲವೇ ಘಟ್ಟ ಇಳಿದು ಮಣಿಪಾಲ. ಘಟ್ಟದ ತಿರುವುಗಳಲ್ಲಿ ಆಂಬುಲೆನ್ಸ್ ಇಳಿಯುವ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ, ವಸಡಿನಲ್ಲಿ ಮೊದಲ ಹನಿ ಕಂಡಾಗಲೇ ಕಳಿಸುವ ವೈದ್ಯರು ಜೀವ ಉಳಿಸುತ್ತಾರೆ. 2024ರಲ್ಲೂ ಶೃಂಗೇರಿ ತಾಲೂಕಿನ ಹಿರಿಯರೊಬ್ಬರು ಈ ರೋಗಕ್ಕೆ ಬಲಿಯಾದರು. ಅರವತ್ತು ವರ್ಷಕ್ಕೂ ಹಳೆಯ ರೋಗದ ಮುಂದೆ ನಾವು ಇನ್ನೂ ಇಷ್ಟೇ ಕೈಯಲ್ಲಿಟ್ಟುಕೊಂಡು ನಿಂತಿದ್ದೇವೆ ಎಂಬುದು ನನಗೆ ಸಂಕಟದ ವಿಷಯ.

ಜ್ವರ ಇಳಿದ ಮೇಲೂ ಇದು ಪೂರ್ತಿ ಬಿಟ್ಟು ಹೋಗದಿರಬಹುದು. ನೂರಕ್ಕೆ ಹತ್ತಿಪ್ಪತ್ತು ಜನರಿಗೆ ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ ಬರುತ್ತದೆ, ಈ ಸಲ ಮಿದುಳಿನ ಹೊದಿಕೆಯ ತೊಂದರೆಯೊಂದಿಗೆ. ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಮಾತು ತಪ್ಪುವುದು. ಸಂಶೋಧಕರಾದ ವೆಬ್ ಮತ್ತು ರಾವ್ 1961ರಲ್ಲೇ ಇದನ್ನು ವಿವರವಾಗಿ ದಾಖಲಿಸಿದ್ದರು. ಬಿಡುಗಡೆಯ ದಿನ ಮನೆಯವರನ್ನು ಕೂರಿಸಿ ಇಷ್ಟನ್ನು ಹೇಳಿದರೆ ಅವರು ಎರಡನೇ ಸಲ ತಡಮಾಡದೆ ಬರುತ್ತಾರೆ. ತೋಟದ ಕೂಲಿಗೆ ಬಂದವರ ವಿಷಯದಲ್ಲಿ ಇದು ಇನ್ನೂ ಕಷ್ಟ. ಕಚ್ಚಿಸಿಕೊಂಡದ್ದು ಇಲ್ಲಿ, ಜ್ವರ ಬರುವುದು ದೂರದ ತಮ್ಮೂರಿನಲ್ಲಿ. ಅಲ್ಲಿನ ವೈದ್ಯರು ಎಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ಕೇಳದಿದ್ದರೆ ಉತ್ತರ ಸಿಗುವ ದಾರಿಯೇ ಇಲ್ಲ.

ಲಸಿಕೆಯ ಕಥೆ ಚಿಕ್ಕದು, ದುಃಖದ್ದು. ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಲ್ಲಿ ಕೊಂದ ವೈರಸ್ಸಿನ ಲಸಿಕೆ ದಶಕಗಳ ಕಾಲ ಬಳಕೆಯಲ್ಲಿತ್ತು. ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಧಕ, ಮತ್ತೆ ವರ್ಷ ವರ್ಷ. ಚುಚ್ಚಿದ ಜಾಗ ಉರಿಯುತ್ತದೆ ಎಂದು ಜನ ತಪ್ಪಿಸಿಕೊಂಡರು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸ್‌ನ ರಕ್ಷಣೆ ಶೇಕಡ 62ರ ಆಸುಪಾಸು ಮಾತ್ರ ಎಂದು ಕಂಡಿತು. 2022ರಲ್ಲಿ ಅದರ ಬಳಕೆ ನಿಂತಿತು. ಹೊಸದರ ತಯಾರಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ನಡೆಸಿವೆ. ಅದು ಕೈಗೆ ಬರುವವರೆಗೆ ಕಾಡಿಗೆ ಹೋಗುವ ಮುನ್ನ ಮೈಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಕುದಿಸುವುದು. ಜನರಿಗೆ ಇದೆಲ್ಲ ಗೊತ್ತು. ಸೆಕೆಯಲ್ಲಿ ಎಣ್ಣೆ ಬಳಿದುಕೊಂಡು ದಿನವಿಡೀ ದುಡಿಯುವ ಕಷ್ಟ ಹೇಳುವವರಿಗೆ ತಿಳಿಯದು.

ಊರು ಕೇಳುವುದೇ ಸಾಕು ಎಂದುಕೊಂಡರೆ ಮಲೆನಾಡಿನ ಇನ್ನೊಂದು ರೋಗ ಅದನ್ನು ತಿದ್ದುತ್ತದೆ. 1970ರ ದಶಕದ ನಡುವೆ ಸಾಗರ ತಾಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ ಅನೇಕರು ಸೊಂಟದ ಕೀಲು ನೋವಿನಿಂದ ನಡೆಯಲಾರದೆ ಕೂತಿರುವುದು ಹೊರಜಗತ್ತಿನ ಕಣ್ಣಿಗೆ ಬಿತ್ತು. ಕೆಲವರು ಎತ್ತರದಲ್ಲೂ ಬಹಳ ಗಿಡ್ಡ. ಮುಂದೆ ಶಿವಮೊಗ್ಗದ ಬೇರೆ ಹಳ್ಳಿಗಳಲ್ಲೂ ಚಿಕ್ಕಮಗಳೂರು ಜಿಲ್ಲೆಯಲ್ಲೂ ಅಂಥವರು ಕಂಡರು. ಬಹುತೇಕ ಎಲ್ಲರೂ ಗದ್ದೆ ಕೂಲಿಯ ಬಡ ದಲಿತ ಕುಟುಂಬಗಳವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದರ ಬಗ್ಗೆ ಬರೆದರು. ಆಗ ಮೊದಲು ಅನುಮಾನ ಬಿದ್ದದ್ದು ಗದ್ದೆಯ ಏಡಿಯ ಮೇಲೆ. ಹಸಿರುಕ್ರಾಂತಿಯ ಆ ವರ್ಷಗಳಲ್ಲಿ ಗದ್ದೆಗೆ ಕೀಟನಾಶಕ ಸುರಿಯುತ್ತಿದ್ದರು, ಬಡವರು ಅದೇ ಗದ್ದೆಯ ಏಡಿ, ಮೀನು ತಿನ್ನುತ್ತಿದ್ದರು. ನಂಬಲು ಸುಲಭವಾದ ವಿವರಣೆ. ಆದರೆ ಅದೇ ನೀರು, ಅದೇ ಗದ್ದೆ ಇದ್ದ ಪಕ್ಕದ ಮನೆಯವರು ಆರೋಗ್ಯವಾಗಿದ್ದರು.

ಎಕ್ಸ್‌ರೇಗಳು ಬೇರೆ ಮಾತು ಹೇಳಿದವು. ತೊಡೆಮೂಳೆಯ ದುಂಡನೆಯ ತಲೆ ಚಪ್ಪಟೆಯಾಗಿತ್ತು, ಅದು ಕೂರುವ ಸೊಂಟದ ಗುಳಿ ಆಳವಿರಲಿಲ್ಲ, ಬೆನ್ನೆಲುಬಿನ ಮಣಿಗಳು ತಗ್ಗಾಗಿದ್ದವು. ಸವೆತಕ್ಕಿಂತ ಮೊದಲೇ, ಬೆಳೆಯುವಾಗಲೇ ಮೂಳೆ ಬೇರೆ ದಾರಿ ಹಿಡಿದಿತ್ತು. 1994ರಲ್ಲಿ ಸಂಶೋಧಕರಾದ ಅಗರ್‌ವಾಲ್, ಫಡ್ಕೆ ಮತ್ತಿತರರು ಇದನ್ನು ಮೂಳೆ ಬೆಳವಣಿಗೆಯ ಹೊಸ ಬಗೆಯ ಅನುವಂಶಿಕ ದೋಷ ಎಂದು ಗುರುತಿಸಿದರು. ಮೂರು ವರ್ಷಗಳ ಮೇಲೆ ಅವರೇ ದಕ್ಷಿಣ ಆಫ್ರಿಕಾದ ತಜ್ಞರೊಂದಿಗೆ ಕೂತು, ಜುಲುಲ್ಯಾಂಡಿನ ಎಂಸೆಲೆನಿ ಎಂಬ ಊರಿನ ಕೀಲು ರೋಗದ ಜೊತೆ ಹೋಲಿಸಿ ನೋಡಿದರು. ಎರಡು ಖಂಡಗಳ ಎರಡು ಬಡ ಊರುಗಳ ಎಕ್ಸ್‌ರೇಗಳು ಒಂದೇ ಮೇಜಿನ ಮೇಲೆ ಬಂದವು. ಹಂದಿಗೋಡು ರೋಗ ತಂದೆ ಅಥವಾ ತಾಯಿ ಒಬ್ಬರಿಂದಲೇ ಬರಬಲ್ಲದು, ಅಂಥವರ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಚಿಕ್ಕ ಸಮುದಾಯ, ಹತ್ತಿರದ ಊರುಗಳೊಳಗೇ ಮದುವೆ, ಆದ್ದರಿಂದ ಅದು ಒಂದು ಪ್ರದೇಶದ ರೋಗದಂತೆ ಕಂಡಿತು. ಹಳ್ಳಿಯ ಹೆಸರಿನಲ್ಲಿ ಸಿಕ್ಕದ ಉತ್ತರ ಮನೆತನದ ನಕ್ಷೆಯಲ್ಲಿ ಸಿಕ್ಕಿತು.

ಇದಕ್ಕೂ ಮೂಲದ ಮದ್ದಿಲ್ಲ. ಎಂಸೆಲೆನಿಯಲ್ಲಿ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಿಂದ ಎದ್ದು ನಡೆದವರಿದ್ದಾರೆ. ಆದರೆ ಕೀಲು ಪೂರ್ತಿ ಕೆಡುವ ಮೊದಲು ಮಾಡಬಹುದಾದದ್ದೂ ಇದೆ: ಸರಿಯಾದ ವ್ಯಾಯಾಮ, ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸದಿಂದ ಬಿಡುಗಡೆ, ಮನೆಯಲ್ಲಿ ಕೂರುವ ಕಮೋಡ್, ಮದುವೆಯಾಗುವವರಿಗೆ ಬೆದರಿಕೆಯಿಲ್ಲದ ತಿಳಿವಳಿಕೆಯ ಮಾತು. ಏಡಿ ತಿಂದದ್ದೇ ತಪ್ಪು ಎಂದು ವರ್ಷಗಟ್ಟಲೆ ಕೇಳಿಸಿಕೊಂಡ ಕುಟುಂಬಗಳಿಗೆ ಆ ಕೊನೆಯದು ಸಣ್ಣ ವಿಷಯವಲ್ಲ.

ಕೊಪ್ಪದ ಕಡೆಯ ಯಾವುದೋ ಆಸ್ಪತ್ರೆಗೆ ಹನ್ನೆರಡು ವರ್ಷದ ಹುಡುಗನೊಬ್ಬ ಕುಂಟುತ್ತ ಬಂದರೆ ಕೇಸ್ ಹಾಳೆಯಲ್ಲಿ ಊರಿನ ಹೆಸರಿನ ಕೆಳಗೆ ಮೂರು ತಲೆಮಾರಿನ ವಂಶವೃಕ್ಷಕ್ಕೂ ಜಾಗ ಬೇಕು: ಅಜ್ಜ ಯಾವ ವಯಸ್ಸಿಗೆ ಕೋಲು ಹಿಡಿದರು, ತಾಯಿಯ ಎತ್ತರವೆಷ್ಟು, ಚಿಕ್ಕಪ್ಪನಿಗೂ ಸೊಂಟ ನೋವಿತ್ತೇ. ಅದನ್ನು ಬರೆದುಕೊಂಡ ಮೇಲೆ ಸೊಂಟ ಮತ್ತು ಬೆನ್ನಿನ ಎರಡು ಎಕ್ಸ್‌ರೇ ತೆಗೆಸಿದರೆ ಆಯಿತು. ಆ ಸೌಲಭ್ಯ ತಾಲೂಕು ಕೇಂದ್ರದಲ್ಲೇ ಇದೆ.